ನಾವು ಗೆದ್ದೆವು

ಕನ್ನಡದಲ್ಲಿ ‘ನಾವು’ ಎಂಬ ಮಾತು ಒಂದೇ. ನೆರೆಯ ಭಾಷೆಗಳಿಗೆ ಈ ಬಡತನವಿಲ್ಲ. ತೆಲುಗರು ಎದುರಿಗಿರುವವನನ್ನು ಬಿಟ್ಟು ಮಾತನಾಡುವಾಗ ‘ಮೇಮು’ ಎನ್ನುತ್ತಾರೆ. ಅವನನ್ನೂ ಸೇರಿಸಿಕೊಂಡಾಗ ‘ಮನಮು’ ಎನ್ನುತ್ತಾರೆ. ಮರಾಠಿಯಲ್ಲಿ ‘ಆಮ್ಹೀ’ ಬೇರೆ, ‘ಆಪಣ’ ಬೇರೆ. ಮಲಯಾಳಿಗಳಿಗೆ ‘ಞಙ್ಙಳ್’ ಒಂದು, ‘ನಮ್ಮಳ್’ ಇನ್ನೊಂದು. ಪೇಟೆಯ ಒಂದು ಬೀದಿಯನ್ನು ನಡೆದು ಮುಗಿಸುವುದರೊಳಗೆ ಮೂರು ನಾಲ್ಕು ಭಾಷೆಗಳು ಕಿವಿಗೆ ಬೀಳುವ ಕಲಬುರಗಿಯಂಥ ಊರಿನಲ್ಲಿ ಬಾಳಿದವನಿಗೆ ಈ ಭೇದವನ್ನು ವ್ಯಾಕರಣದ ಪುಸ್ತಕದಿಂದ ಕಲಿಯಬೇಕಾದ ಅಗತ್ಯವಿಲ್ಲ. ಕನ್ನಡಿಗನು ಮಾತ್ರ ‘ನಾವು’ ಎಂದಾಗ, ಕೇಳುವವನು ಅದರ ಒಳಗಿದ್ದಾನೋ ಹೊರಗಿದ್ದಾನೋ ಆ ಮಾತಿನಿಂದ ತಿಳಿಯುವುದಿಲ್ಲ. ಆಡುವವನ ಮುಖ ನೋಡಿ, ಸಂದರ್ಭ ನೋಡಿ ತಿಳಿಯಬೇಕು. ಇದು ಭಾಷೆಯ ಕೊರತೆಯೋ ಔದಾರ್ಯವೋ, ಪಂಡಿತರು ಹೇಳಲಿ. ನನಗೆ ಈ ಮಾತಿನ ಮೇಲೆ ಯೋಚನೆ ಹತ್ತಿದ್ದು ಒಂದು ಫುಟ್‌ಬಾಲ್ ಪಂದ್ಯದಿಂದ.

ಆಟ ನೋಡಿ ಬಂದವನು ‘ನಾವು ಗೆದ್ದೆವು’ ಎನ್ನುತ್ತಾನೆ. ಅವನು ಚೆಂಡನ್ನು ಮುಟ್ಟಿಲ್ಲ. ಬೆವರಿದ್ದರೆ ಅದು ಜನರ ನೂಕುನುಗ್ಗಲಿನಿಂದ ಬಂದ ಬೆವರು. ಅವನು ಕೊಟ್ಟದ್ದು ಟಿಕೆಟಿನ ಹಣ, ಪಡೆದದ್ದು ಎರಡು ಗಂಟೆಯ ಆಟ. ಅಲ್ಲಿಗೆ ಲೆಕ್ಕ ಮುಗಿಯಬೇಕು. ಆದರೂ ಗೆಲುವಿನಲ್ಲಿ ತನಗೆ ಪಾಲುಂಟೆಂದು ಸಾಧಿಸುತ್ತಾನೆ. ಈ ಪಾಲು ಎಲ್ಲಿಂದ ಬಂತು? ಇದು ಬರಿಯ ಆಟದ ಪ್ರಶ್ನೆಯಲ್ಲ. ‘ನಮ್ಮ ಜಾತಿ’, ‘ನಮ್ಮ ಭಾಷೆ’, ‘ನಮ್ಮ ಪೂರ್ವಿಕರು’ ಎಂದು ನಾವು ದಿನವೂ ಆಡುವ ಮಾತುಗಳೆಲ್ಲ ಇದೇ ಪಾಲುಗಾರಿಕೆಯ ಮೇಲೆ ನಿಂತಿವೆ.

ನಾನು ಹೇಳುತ್ತಿರುವ ಪಂದ್ಯ ನಡೆದದ್ದು ೨೦೨೩ನೆಯ ಇಸವಿ ಮಾರ್ಚ್ ೩ರಂದು, ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ. ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಹಂತ. ಒಂದು ಕಡೆ ಬೆಂಗಳೂರು ಎಫ್.ಸಿ., ಇನ್ನೊಂದು ಕಡೆ ಕೇರಳ ಬ್ಲಾಸ್ಟರ್ಸ್. ಅಕ್ಕಪಕ್ಕದ ಊರುಗಳ ತಂಡಗಳು ಆಡಿದರೆ ಅದಕ್ಕೆ ‘ಡರ್ಬಿ’ ಎನ್ನುವುದು ವಾಡಿಕೆ. ದಕ್ಷಿಣದ ಈ ಎರಡು ತಂಡಗಳ ಪಂದ್ಯಕ್ಕೂ ಅದೇ ಹೆಸರು ಅಂಟಿಕೊಂಡಿದೆ. ದೂರದವನೊಡನೆ ಆಡುವ ಆಟದಲ್ಲಿ ಇಲ್ಲದ ಒಂದು ಕಾವು ಡರ್ಬಿಯಲ್ಲಿ ಇರುತ್ತದೆ. ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಜಗಳವಾಡುವಾಗಿನ ಕಾವು ಅದು.

ನನ್ನ ಹುಟ್ಟೂರು ಕಮಲಾಪುರ, ವಾಸ ಕಲಬುರಗಿ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ತಂಗಿಯ ಮಗ ಟಿಕೆಟ್ ತೆಗೆಸಿಟ್ಟು ಕರೆದದ್ದರಿಂದ ರಾತ್ರಿಯ ರೈಲು ಹತ್ತಿ ಹೋಗಿದ್ದೆ. ಅವನು ತಂದುಕೊಟ್ಟ ನೀಲಿ ಅಂಗಿಯನ್ನು ತೊಟ್ಟು ಪಶ್ಚಿಮದ ಗ್ಯಾಲರಿಯಲ್ಲಿ ಕುಳಿತೆ. ಕುಳಿತೆ ಎನ್ನುವುದು ರೂಢಿಯ ಮಾತು. ಅಲ್ಲಿ ಯಾರೂ ಕುಳಿತಿರಲಿಲ್ಲ. ದೂರದಲ್ಲಿ ಕೇರಳದವರ ಹಳದಿ ಬಣ್ಣದ ಗುಂಪು ಸಾಸಿವೆಯ ಹೊಲದಂತೆ ಅಲ್ಲಾಡುತ್ತಿತ್ತು. ಮದ್ದಳೆ, ಹಾಡು, ಚಪ್ಪಾಳೆ. ಒಂದು ಕಡೆಯವರು ನಿಲ್ಲಿಸಿದರೆ ಇನ್ನೊಂದು ಕಡೆಯವರು. ೯೦ ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಆಟ ಶುರುವಾಯಿತು.

೯೬ನೆಯ ನಿಮಿಷ. ಬೆಂಗಳೂರಿನ ಸುನಿಲ್ ಚೆಟ್ರಿಯವರನ್ನು ಪೆನಾಲ್ಟಿ ಪ್ರದೇಶದ ಹೊರಗೆ ಎದುರಾಳಿಗಳು ಕೆಡವಿದರು. ರೆಫರಿ ಫ್ರೀ ಕಿಕ್ ಕೊಟ್ಟರು. ಇಂಥ ಸಮಯದಲ್ಲಿ ಎದುರಾಳಿಗಳು ಸಾಲಾಗಿ ನಿಂತು ಗೋಡೆ ಕಟ್ಟುವುದು, ರೆಫರಿ ಶಿಳ್ಳೆ ಊದುವುದು, ಆಮೇಲೆ ಒದೆಯುವುದು, ಇದು ನಾವು ಕಂಡ ಕ್ರಮ. ಕೇರಳದವರು ಇನ್ನೂ ಗೋಡೆಯ ಏರ್ಪಾಡಿನಲ್ಲಿದ್ದರು. ಅವರ ಗೋಲ್‌ಕೀಪರ್ ಪ್ರಭಸುಖನ್ ಗಿಲ್ ಇನ್ನೂ ತನ್ನ ಜಾಗದಲ್ಲಿ ಸಿದ್ಧನಾಗಿರಲಿಲ್ಲ. ಚೆಟ್ರಿ ಕಾಯಲಿಲ್ಲ. ಮೆಲ್ಲಗೆ ಎತ್ತಿ ಒದೆದ ಚೆಂಡು ಎಲ್ಲರ ತಲೆಯ ಮೇಲಿಂದ ಹೋಗಿ ಬಲೆಯೊಳಗೆ ಬಿತ್ತು. ಏನಾಯಿತೆಂದು ನಮಗೆ ತಿಳಿಯುವುದಕ್ಕೆ ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ಆಮೇಲೆ ಇಡೀ ಗ್ಯಾಲರಿ ಸಿಡಿಯಿತು. ಹೆಸರು ತಿಳಿಯದ ಒಬ್ಬ ನನ್ನನ್ನು ತಬ್ಬಿಕೊಂಡ; ತಂಗಿಯ ಮಗ “ಮಾಮಾ, ಗೆದ್ದೀವಿ!” ಎಂದು ನನ್ನ ಹೆಗಲು ಹಿಡಿದು ಕುಣಿದ. ಅಂಥ ಶುದ್ಧವಾದ ಸಂತೋಷ ಮಧ್ಯವಯಸ್ಸು ದಾಟಿದ ಮನುಷ್ಯನಿಗೆ ವರ್ಷಕ್ಕೊಮ್ಮೆ ಸಿಕ್ಕುವುದೂ ಕಷ್ಟ. ಅದನ್ನು ಕೊಟ್ಟ ಆಟಕ್ಕೆ ನಾನು ಋಣಿ.

ಆದರೆ ಗೆಲುವು ಅಲ್ಲಿಗೆ ಪೂರ್ತಿಯಾಗಲಿಲ್ಲ. ಶಿಳ್ಳೆಯಿಲ್ಲದೆ ಒದೆದ ಗೋಲು ನ್ಯಾಯವಲ್ಲವೆಂದು ಕೇರಳದವರು ರೆಫರಿಯನ್ನು ಸುತ್ತುವರಿದರು. ಗೋಲು ನಿಂತಿತು. ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಕ್ಕೆ ಕರೆದರು, ಅವರು ಹೊರಟೇಹೋದರು. ಹಸಿರು ಹುಲ್ಲಿನ ಮೇಲೆ ಒಂದೇ ತಂಡ ಉಳಿಯಿತು. ಕೆಲವು ಹೊತ್ತು ಕಾದ ಮೇಲೆ ಪಂದ್ಯ ಮುಗಿಯಿತೆಂದೂ ಬೆಂಗಳೂರು ಗೆದ್ದಿತೆಂದೂ ತೀರ್ಮಾನವಾಯಿತು. ಎದುರಾಳಿಯೇ ಇಲ್ಲದ ಮೈದಾನದಲ್ಲಿ ನಡೆದ ಆ ವಿಜಯೋತ್ಸವದಲ್ಲಿ ಏನೋ ಒಂದು ಊನವಿತ್ತು. ವರನ ಕಡೆಯವರು ಮಾತ್ರ ಉಣ್ಣುವ ಮದುವೆಯ ಊಟದಂತೆ.

ನಿಯಮ ಏನು ಹೇಳುತ್ತದೆ? ಎದುರಾಳಿಗಳು ೯.೧೫ ಮೀಟರ್ ದೂರ ನಿಲ್ಲಬೇಕು. ಆದರೆ ಒದೆಯುವವನು ಅದಕ್ಕಾಗಿ ಕಾಯಲೇಬೇಕೆಂದಿಲ್ಲ. ಬೇಕಾದರೆ ಥಟ್ಟನೆ ಒದೆಯಬಹುದು. ಅದಕ್ಕೆ ಶಿಳ್ಳೆ ಬೇಡ. ರೆಫರಿಯೇ ಆಟವನ್ನು ತಡೆದು ಗೋಡೆಯನ್ನು ನಿಲ್ಲಿಸಲು ತೊಡಗಿದ್ದರೆ ಮಾತ್ರ ಶಿಳ್ಳೆಗೆ ಕಾಯಬೇಕು. ತನಗೆ ಶಿಳ್ಳೆಯೂ ಬೇಡ, ಗೋಡೆಯೂ ಬೇಡವೆಂದು ರೆಫರಿಗೆ ಮೊದಲೇ ತಿಳಿಸಿದ್ದಾಗಿ ಚೆಟ್ರಿ ಆಮೇಲೆ ಹೇಳಿದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಆ ತಿಂಗಳ ಕೊನೆಗೆ ಕೇರಳ ತಂಡಕ್ಕೆ ೪ ಕೋಟಿ ರೂಪಾಯಿ ದಂಡ ಹಾಕಿತು. ತರಬೇತುದಾರರನ್ನು ೧೦ ಪಂದ್ಯಗಳಿಂದ ದೂರವಿಟ್ಟಿತು. ಮೈದಾನ ಬಿಟ್ಟು ಹೋದದ್ದಕ್ಕೆ ಕ್ಲಬ್ಬು ಬಹಿರಂಗವಾಗಿ ವಿಷಾದ ಸೂಚಿಸಿತು. ಗೋಲು ನಿಯಮಕ್ಕೆ ಒಪ್ಪುವುದೆಂದೇ ನನ್ನ ಅಭಿಪ್ರಾಯ. ಮೈಮರೆತವನ ಎದುರು ಚುರುಕಾಗಿರುವುದು ಅಪರಾಧವಲ್ಲ.

ಆದರೆ ನನ್ನನ್ನು ಕಾಡಿದ ಪ್ರಶ್ನೆ ಇದಲ್ಲ. ನಾವು ಕುಳಿತಿದ್ದ ಜಾಗದಿಂದ ರೆಫರಿ ಏನು ಹೇಳಿದರು, ಚೆಟ್ರಿ ಏನು ಕೇಳಿದರು ಎಂಬುದು ಯಾರಿಗೂ ಕೇಳಿಸುವಂತಿರಲಿಲ್ಲ. ಹಾಗಿದ್ದೂ ನೀಲಿ ಅಂಗಿಯ ಅಷ್ಟು ಸಾವಿರ ಜನಕ್ಕೂ ಗೋಲು ಧರ್ಮವೆಂದು ಅದೇ ಕ್ಷಣದಲ್ಲಿ ತಿಳಿದುಹೋಯಿತು. ಹಳದಿ ಅಂಗಿಯ ಅಷ್ಟು ಜನಕ್ಕೂ ಅಧರ್ಮವೆಂದು ಅದೇ ಕ್ಷಣದಲ್ಲಿ ತಿಳಿಯಿತು. ಸಾಕ್ಷಿ ಬರುವ ಮೊದಲೇ ತೀರ್ಪು. ಅಂಗಿಗಳು ಅದಲುಬದಲಾಗಿದ್ದರೆ ತೀರ್ಪುಗಳೂ ಅದಲುಬದಲಾಗುತ್ತಿದ್ದವು ಎಂಬುದರಲ್ಲಿ ಸಂದೇಹವಿದೆಯೆ? ‘ನಾವು’ ಎಂದೊಡನೆ ಕಣ್ಣು ಕೆಲಸ ನಿಲ್ಲಿಸುತ್ತದೆ, ಬಣ್ಣ ಕೆಲಸ ಮಾಡುತ್ತದೆ.

ಅಷ್ಟಕ್ಕೂ ಈ ‘ನಾವು’ ಯಾರು? ಬೆಂಗಳೂರಿನ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಪಂಜಾಬಿನವರು; ಕೇರಳದ ಗಿಲ್ ಕೂಡ ಪಂಜಾಬಿನವರೇ. ಕೇರಳದ ತರಬೇತುದಾರ ಸರ್ಬಿಯ ದೇಶದವರಾದರೆ, ಬೆಂಗಳೂರಿನವರು ಇಂಗ್ಲೆಂಡಿನ ಸೈಮನ್ ಗ್ರೇಸನ್. ನಾವೆಲ್ಲ ‘ನಮ್ಮವ’ ಎಂದು ಕೂಗಿದ ಚೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಊರಿನ ಸಾಮೀಪ್ಯದಿಂದ ಲೆಕ್ಕ ಹಾಕುವುದಾದರೆ ನನ್ನ ಕಲಬುರಗಿಗೆ ಬೆಂಗಳೂರಿಗಿಂತ ಸಿಕಂದರಾಬಾದೇ ಎಷ್ಟೋ ಹತ್ತಿರ. ೧೯೫೬ರವರೆಗೆ ಎರಡೂ ಒಂದೇ ಹೈದರಾಬಾದು ರಾಜ್ಯದ ಊರುಗಳು. ಆ ಲೆಕ್ಕದಿಂದ ಚೆಟ್ರಿ ನಮ್ಮವರೇ, ಬೆಂಗಳೂರೇ ಪರಸ್ಥಳ!

ಇನ್ನೊಂದು ಉದಾಹರಣೆ. ೨೦೨೨ರ ಆಗಸ್ಟಿನಲ್ಲಿ ಮಹಾರಾಜ ಟ್ರೋಫಿ ಕ್ರಿಕೆಟ್ಟಿನ ಫೈನಲಿನಲ್ಲಿ ಗುಲ್ಬರ್ಗ ಮಿಸ್ಟಿಕ್ಸ್ ತಂಡ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು ಸೋಲಿಸಿತು. ಆ ವರ್ಷದ ಆಟಗಳೆಲ್ಲ ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ನಡೆದವು. ಒಂದೂ ಕಲಬುರಗಿಯಲ್ಲಿ ನಡೆಯಲಿಲ್ಲ. ಊರಿನ ಹೆಸರು ೨೦೧೪ರ ನವೆಂಬರ್ ೧ರಂದೇ ಕಲಬುರಗಿಯಾಗಿದ್ದರೂ ತಂಡ ಹಳೆಯ ಹೆಸರನ್ನೇ ಹೊತ್ತಿತ್ತು. ಆದರೂ ನಮ್ಮ ಓಣಿಯಲ್ಲಿ ‘ಬೆಂಗಳೂರಿನವರನ್ನ ಹೊಡದ್ವಿ’ ಎಂದು ಹೇಳಿಕೊಳ್ಳುವವರಿಗೆ ಕೊರತೆಯಿರಲಿಲ್ಲ. ಏಳು ತಿಂಗಳೊಳಗೆ ಅದೇ ಜನ ಬೆಂಗಳೂರಿನ ಅಂಗಿ ತೊಟ್ಟು ‘ಕೇರಳದವರನ್ನ ಹೊಡದ್ವಿ’ ಎಂದರು. ೨೦೧೮ರಲ್ಲಿ ಕಮಲಾಪುರ ಬೇರೆ ತಾಲ್ಲೂಕಾಯಿತು. ಮೊನ್ನೆಯವರೆಗೆ ಒಂದೇ ತಾಲ್ಲೂಕಿನವರಾಗಿದ್ದ ಎರಡು ಊರುಗಳ ಮಕ್ಕಳು ಈಗ ಶಾಲೆಯ ಕ್ರೀಡಾಕೂಟದಲ್ಲಿ ಎದುರುಬದುರು ನಿಲ್ಲಬಹುದು. ‘ನಾವು’ ಎಂಬುದು ರಬ್ಬರಿನಂಥ ಮಾತು. ಎಳೆದರೆ ದೇಶದಷ್ಟು, ಬಿಟ್ಟರೆ ಓಣಿಯಷ್ಟು.

ಇಷ್ಟರಿಂದ ಅದು ಸುಳ್ಳೆಂದು ತೀರ್ಮಾನಿಸುವ ಜಾಣರಿದ್ದಾರೆ. ಅವರು ಹೇಳುವುದು: ನೋಡುವವನಿಗೆ ಗೆಲುವಿಲ್ಲ, ಸೋಲಿಲ್ಲ, ನಾಟಕದ ಸಹೃದಯನಂತೆ ನಿರ್ಲಿಪ್ತನಾಗಿ ಸವಿದು ಎದ್ದುಬರಬೇಕು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಯಾರು ಗೆದ್ದರೂ ಸರಿಯೆನ್ನುವವನು ಡರ್ಬಿಯನ್ನು ನೋಡಿಯೂ ನೋಡದವನೇ. ಪಕ್ಷ ಹಿಡಿಯದೆ ಆಟದ ರಸ ಏರುವುದಿಲ್ಲ. ಪಕ್ಷ ಹಿಡಿಯುವುದು ಬೇರೆ, ಕಣ್ಣು ಮುಚ್ಚಿಕೊಳ್ಳುವುದು ಬೇರೆ. ಈ ವಿವೇಕವನ್ನು ಕನ್ನಡಿಗರಿಗೆ ಕಲಿಸಲು ಹೊರಗಿನವರು ಬರಬೇಕಾಗಿಲ್ಲ. ಸುಮಾರು ಸಾವಿರ ವರ್ಷದ ಹಿಂದೆ ರನ್ನನು ಗದಾಯುದ್ಧವನ್ನು ಬರೆದ. ಅಣ್ಣತಮ್ಮಂದಿರ ಮಕ್ಕಳ ನಡುವಿನ ಕಾಳಗ. ಅದಕ್ಕಿಂತ ದೊಡ್ಡ ಡರ್ಬಿ ಯಾವುದು? ರನ್ನನ ನಾಯಕ ಭೀಮ. ತನ್ನ ದೊರೆ ಸತ್ಯಾಶ್ರಯನನ್ನೇ ಅವನು ಭೀಮನಲ್ಲಿ ಕಂಡ. ಕವಿಯ ಪಕ್ಷ ಯಾವುದೆಂಬ ವಿಷಯದಲ್ಲಿ ಗುಟ್ಟಿಲ್ಲ. ಗೆದ್ದ ಭೀಮನ ಏಟು ಬಿದ್ದದ್ದು ತೊಡೆಗೆ. ಅದು ಗದಾಯುದ್ಧದ ನಿಯಮಕ್ಕೆ ಹೊರಗಿನದು. ಭೀಮನಿಗೆ ಜಯಕಾರ ಹಾಕುವುದಕ್ಕೆಂದು ಹುಟ್ಟಿದ ಆ ಕಾವ್ಯವನ್ನು ಓದಿದವರ ಕಣ್ಣು ಇಂದಿಗೂ ಒದ್ದೆಯಾಗುವುದು ದುರ್ಯೋಧನನಿಗಾಗಿ. ತನ್ನವನ ಗೆಲುವನ್ನು ಹಾಡುತ್ತಲೇ ಸೋತವನ ದೊಡ್ಡತನವನ್ನು ಕವಿ ಮುಚ್ಚಿಡಲಿಲ್ಲ.

ಹಾಗಾದರೆ ಪಾಲಿನ ಪ್ರಶ್ನೆ ಏನಾಯಿತು? ಅದಕ್ಕೆ ಅರ್ಧ ಉತ್ತರ ನನಗೆ ಅಂದು ರಾತ್ರಿಯೇ ಸಿಕ್ಕಿತು. ಕ್ರೀಡಾಂಗಣದ ಹೊರಗೆ ಚಹ ಕುಡಿಯುತ್ತ ನಿಂತಾಗ ಪಕ್ಕದಲ್ಲಿ ಹಳದಿ ಅಂಗಿಯ ಒಬ್ಬ ತರುಣನಿದ್ದ. ನೀಲಿ ಅಂಗಿಯ ಹುಡುಗರ ಗುಂಪೊಂದು ಅವನ ಕಡೆ ನೋಡಿ ಓಡಿಹೋದವರೆಂದು ಹಾಸ್ಯ ಮಾಡುತ್ತ ಹಾದುಹೋಯಿತು. ಅವನು ಉತ್ತರ ಕೊಡಲಿಲ್ಲ. ನಾನು ಮಾತನಾಡಿಸಿದೆ. ತಂದೆಯ ಊರು ತ್ರಿಶೂರು, ತಾನು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲೇ ಎಂದ. ಕನ್ನಡ ನನ್ನದಕ್ಕಿಂತ ಚೊಕ್ಕವಾಗಿತ್ತು. ಸುಮಾರು ಆರುನೂರು ಕಿಲೋಮೀಟರು ದೂರದಿಂದ ಬಂದ ನಾನು ಬೆಂಗಳೂರಿನ ಕಡೆಯವನು. ಬೆಂಗಳೂರಿನಲ್ಲೇ ಹುಟ್ಟಿದ ಅವನು ಎದುರು ಕಡೆಯವನು! ಆಟದ ಮಾತು ಬಂದಾಗ ಅವನು ಹೇಳಿದ: “ಗೋಲು ರೂಲ್ಸ್ ಪ್ರಕಾರ ಸರಿಯೇ ಇರಬಹುದು ಸಾರ್. ಏನೇ ಆದರೂ ನಾವು ಮೈದಾನ ಬಿಟ್ಟು ಹೋಗಬಾರದಾಗಿತ್ತು.”

‘ನಾವು’ ಎಂದ. ಅವನು ತನ್ನ ಜಾಗ ಬಿಟ್ಟು ಕದಲಿರಲಿಲ್ಲ. ಹೊರಟುಹೋದವರು ಹನ್ನೊಂದು ಜನ ಆಟಗಾರರು. ‘ಅವರು ಹೋಗಬಾರದಾಗಿತ್ತು’ ಎಂದು ಸುಲಭವಾಗಿ ಹೇಳಬಹುದಾಗಿತ್ತು. ೧೯೭೬ರಲ್ಲಿ ರಾಬರ್ಟ್ ಚಾಲ್ಡೀನಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು ಒಂದು ಅಧ್ಯಯನವನ್ನು ಪ್ರಕಟಿಸಿದರು. ವಿಶ್ವವಿದ್ಯಾಲಯದ ತಂಡ ಗೆದ್ದಾಗ ವಿದ್ಯಾರ್ಥಿಗಳು ಅದನ್ನು ವರ್ಣಿಸುತ್ತ ‘ನಾವು’ ಎಂಬ ಮಾತನ್ನು ಹೆಚ್ಚಾಗಿ ಬಳಸುತ್ತಿದ್ದರಂತೆ. ಸೋತಾಗ ಆ ‘ನಾವು’ ಕಡಮೆಯಾಗುತ್ತಿತ್ತಂತೆ. ಗೆದ್ದ ವಾರ ವಿಶ್ವವಿದ್ಯಾಲಯದ ಹೆಸರಿನ ಅಂಗಿ ತೊಟ್ಟು ಬರುವವರೂ ಹೆಚ್ಚು. ಮನುಷ್ಯಸ್ವಭಾವ ಎಲ್ಲ ಕಡೆಯೂ ಒಂದೇ. ನಮ್ಮ ಬೆಂಗಳೂರು ತಂಡವೇ ಮುಂದೆ ಸೆಮಿಫೈನಲ್ ದಾಟಿ, ಮಾರ್ಚ್ ೧೮ರಂದು ಗೋವದಲ್ಲಿ ನಡೆದ ಫೈನಲಿನಲ್ಲಿ ಎಟಿಕೆ ಮೋಹನ್ ಬಾಗಾನ್ ತಂಡಕ್ಕೆ ಪೆನಾಲ್ಟಿಗಳಲ್ಲಿ ಸೋತಿತು. ಮಾರ್ಚ್ ೩ರಂದು ‘ಗೆದ್ದೆವು’ ಎಂದವರಲ್ಲಿ ಎಷ್ಟು ಮಂದಿ ಅಂದು ‘ಸೋತೆವು’ ಎಂದರು, ಎಷ್ಟು ಮಂದಿ ‘ಸೋತರು’ ಎಂದರು? ಒಂದು ಕ್ರಿಯಾಪದದ ಪ್ರತ್ಯಯದಲ್ಲಿ ಮನುಷ್ಯನ ನೀತಿಯೆಲ್ಲ ಅಡಗಿರುತ್ತದೆ.

ಉತ್ತರದ ಉಳಿದ ಅರ್ಧ ದೊರೆತದ್ದು ಕಮಲಾಪುರದಲ್ಲಿ. ಊರಿಗೆ ಮರಳಿದ ಮೇಲೆ ಕಾಕಾನನ್ನು ನೋಡಲು ಹೋಗಿದ್ದೆ. ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಕೆಂಪುಬಾಳೆಯ ತೋಟ ಮಾಡಿದವರು. ಕಮಲಾಪುರದ ಕೆಂಪುಬಾಳೆಯ ಹೆಸರು ಕೇಳದವರು ನಮ್ಮ ಕಡೆ ಇಲ್ಲ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಹಣ್ಣು ಅದು. ತಿನ್ನುವವರಿಗೆ ರುಚಿ, ಬೆಳೆಯುವವರಿಗೆ ತಪಸ್ಸು. ಬೇರೆ ಬಾಳೆಗಿಂತ ಹೆಚ್ಚು ಕಾಲ, ಸುಮಾರು ೧೮ ತಿಂಗಳು, ಕಾಯಬೇಕು. ಪಂದ್ಯದ ವೃತ್ತಾಂತವನ್ನೆಲ್ಲ ಕಾಕಾ ತಾಳ್ಮೆಯಿಂದ ಕೇಳಿದರು. ನಾನು “ಅಂತೂ ನಾವು ಗೆದ್ದೀವಿ ಕಾಕಾ” ಎಂದು ಮುಗಿಸಿದಾಗ ಕೇಳಿದರು:

“ನಾವು ಅಂದ್ರ ಯಾರೋ ತಮ್ಮಾ? ನೀ ಎಷ್ಟು ಗೋಲ ಹೊಡದಿ?”

ನಾನು ನಕ್ಕೆ. ಅವರೂ ನಕ್ಕು ಅಂಗಳದಲ್ಲಿ ಇಟ್ಟಿದ್ದ ಬಾಳೆಗೊನೆಯ ಕಡೆ ಕೈ ತೋರಿಸಿದರು: “ಇದನ್ನ ನೋಡು. ಗೊನಿ ಚಲೋ ಬಂದ್ರ ಕಲಬುರಗಿ ಮಂದಿ ಎಲ್ಲಾ ನಮ್ಮ ಬಾಳಿ, ನಮ್ಮ ಬಾಳಿ ಅಂತಾರ. ಬೀಗರಿಗಿ ಕೊಟ್ಟು ಕಳಸ್ತಾರ. ಗಾಳಿಗಿ ತೋಟ ಮಲಗಿದ ದಿವಸ ಅದು ನನ್ನ ಬಾಳಿ ಆಗ್ತದ. ನಮ್ಮದು ಅನ್ನಾಕ ಒಬ್ಬರೂ ಬರಾಂಗಿಲ್ಲ.”

ಅವರ ಮಾತಿನಲ್ಲಿ ಕಹಿಯಿರಲಿಲ್ಲ. ಲೋಕ ಕಂಡವರ ಲೆಕ್ಕವಿತ್ತು. ಒಕ್ಕಲುತನದ ಪಾಲುಗಾರಿಕೆಯಲ್ಲಿ ಲಾಭಕ್ಕೆ ಬರುವವನು ಲುಕ್ಸಾನಿಗೂ ಬರಬೇಕು. ಬಾರದವನು ಪಾಲುಗಾರನಲ್ಲ, ಗಿರಾಕಿ. ಗಿರಾಕಿಗೆ ‘ನಮ್ಮ’ ಎನ್ನುವ ಹಕ್ಕಿಲ್ಲವೆಂದಲ್ಲ. ಅವನ ‘ನಮ್ಮ’ ತೂಕವಿಲ್ಲದ್ದು. ಹಳದಿ ಅಂಗಿಯ ತರುಣ ಅಂದು ರಾತ್ರಿ ಹೇಳಿದ್ದು ಪಾಲುಗಾರನ ಮಾತು. ಸೋಲಿನಲ್ಲಿ ಮಾತ್ರವಲ್ಲ, ತನ್ನವರ ತಪ್ಪಿನಲ್ಲಿಯೂ ಅವನು ತನ್ನ ಪಾಲನ್ನು ಬರೆಸಿಕೊಂಡಿದ್ದ.

ಆಡದವನಿಗೂ ಗೆಲುವಿನಲ್ಲಿ ನಿಜವಾದ ಪಾಲು ಹೇಗೆ ಹುಟ್ಟುತ್ತದೆಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲೇ ದೊಡ್ಡ ನಿದರ್ಶನವಿದೆ. ೧೯೧೧ರ ಜುಲೈ ೨೯ರಂದು ಕಲ್ಕತ್ತದಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಗೋರರ ತಂಡವನ್ನು ೨-೧ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದಿತು. ಹನ್ನೊಂದು ಜನರಲ್ಲಿ ಹತ್ತು ಜನ ಬರಿಗಾಲಿನಲ್ಲಿ ಆಡಿದರು. ಅಂದು ‘ನಾವು ಗೆದ್ದೆವು’ ಎಂದವರಲ್ಲಿ ಯಾರೂ ಚೆಂಡನ್ನು ಮುಟ್ಟಿರಲಿಲ್ಲ. ಆದರೆ ಅಷ್ಟು ವರ್ಷ ಪರರ ಆಳಿಕೆಯ ಅವಮಾನವನ್ನು ಅವರೆಲ್ಲ ಉಂಡಿದ್ದರು. ಸೋಲನ್ನು ಹಂಚಿಕೊಂಡಿದ್ದವರಿಗೆ ಗೆಲುವು ಹಂಚಿ ಬಂತು. ಪಾಲು ಕೇವಲ ಬಣ್ಣದ ಮೇಲೆ ನಿಂತಾಗ ಏನಾಗುತ್ತದೆಂಬುದಕ್ಕೂ ಅದೇ ನಗರ ಸಾಕ್ಷಿ. ೧೯೮೦ರ ಆಗಸ್ಟ್ ೧೬ರಂದು ಈಡನ್ ಗಾರ್ಡನ್ಸಿನಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳ ಡರ್ಬಿಯ ವೇಳೆ ಗ್ಯಾಲರಿಯಲ್ಲಿ ಗಲಭೆಯೆದ್ದು ೧೬ ಜನ ಪ್ರೇಕ್ಷಕರು ಸತ್ತರು. ಸತ್ತವರು ಯಾರೂ ಆಡಲು ಹೋದವರಲ್ಲ, ನೋಡಲು ಹೋದವರು.

ಇದೇ ಲೆಕ್ಕವನ್ನು ಆಟದ ಮೈದಾನದಿಂದ ಆಚೆಗೆ ತಂದು ನೋಡೋಣ. ನಮ್ಮ ಕಡೆಯವರು ಮಳಖೇಡದ ರಾಷ್ಟ್ರಕೂಟರ ವೈಭವವನ್ನು ‘ನಮ್ಮದು’ ಎನ್ನುತ್ತೇವೆ. ಕಲ್ಯಾಣದ ಶರಣರ ಕ್ರಾಂತಿಯನ್ನು ‘ನಮ್ಮದು’ ಎನ್ನುತ್ತೇವೆ. ಎನ್ನಲಿ, ತಪ್ಪಿಲ್ಲ. ಆದರೆ ಶರಣರನ್ನು ಕಲ್ಯಾಣದಿಂದ ಓಡಿಸಿದವರೂ ಹೊರದೇಶದವರಲ್ಲ, ಈ ನೆಲದವರೇ. ಜಾತಿ ಮೀರಿ ಮದುವೆಯಾದ ಮಕ್ಕಳ ತಂದೆಯರಿಗೆ ಮರಣದಂಡನೆ ವಿಧಿಸಿದ್ದು ಈ ನೆಲದ ಅರಸು. ಎದುರಿಗೆ ಬಂದವನನ್ನು ಪರಕೀಯನೆಂದು ದೂರವಿಡದೆ ನಮ್ಮವನೆಂದೇ ಎಣಿಸಬೇಕೆಂಬ ಮಾತು ಹುಟ್ಟಿದ ಊರಿನಲ್ಲೇ ಅದೂ ನಡೆಯಿತು. ಶರಣರು ಮಾತ್ರ ‘ನಮ್ಮವರು’, ಅವರನ್ನು ಓಡಿಸಿದವರು ‘ಯಾರೋ’ ಎಂದರೆ ಅದು ಗಿರಾಕಿಯ ಮಾತಾದೀತು. ಎರಡನ್ನೂ ನಮ್ಮ ಖಾತೆಗೆ ಬರೆದುಕೊಂಡಾಗ ಮಾತ್ರ ಹೆಮ್ಮೆಗೆ ಬೆಲೆ ಬರುತ್ತದೆ; ಮುಂದೇನು ಮಾಡಬೇಕೆಂಬ ಜವಾಬ್ದಾರಿಯೂ ತಲೆದೋರುತ್ತದೆ.

ಅಭಿಮಾನವನ್ನು ಬಿಡಿರೆಂದು ನಾನು ಹೇಳಲಾರೆ. ಅಭಿಮಾನವಿಲ್ಲದ ಮನುಷ್ಯನ ನೆರೆಹೊರೆ ಬಹಳ ತಣ್ಣಗಿರುತ್ತದೆ. ಹೇಳಬಹುದಾದದ್ದು ಇಷ್ಟೆ: ‘ಗೆದ್ದೆವು’ ಎನ್ನುವ ಬಾಯಿಗೆ ‘ಸೋತೆವು’ ಎನ್ನುವುದೂ ‘ತಪ್ಪಿದೆವು’ ಎನ್ನುವುದೂ ಬರಬೇಕು. ಈ ಮೂರು ರೂಪಗಳನ್ನು ಒಂದೇ ‘ನಾವು’ ಎಂಬ ಕರ್ತೃವಿಗೆ ಹಚ್ಚಿ ಹೇಳಬಲ್ಲವನಿಗೆ ಆಡದಿದ್ದರೂ ಪಾಲುಂಟು. ನಾಳೆ ಕಮಲಾಪುರದ ಮಕ್ಕಳೂ ಕಲಬುರಗಿಯ ಮಕ್ಕಳೂ ಒಂದು ಚೆಂಡಿನ ಹಿಂದೆ ಓಡುವಾಗ ಹೊರಗೆ ನಿಂತ ಹಿರಿಯರು ಕೂಗಲಿ, ಕುಣಿಯಲಿ, ಒಂದು ಕಡೆಯನ್ನು ಹಿಡಿಯಲಿ. ಆಟ ಮುಗಿದ ಮೇಲೆ ಸೋತ ಕಡೆಯ ಮಗುವಿನ ಬೆನ್ನು ತಟ್ಟಿ ‘ನಾವು ಚೆನ್ನಾಗಿ ಆಡಿದೆವು’ ಎಂದು ಹೇಳುವುದಕ್ಕೆ ಕನ್ನಡದಲ್ಲಿ ಯಾವ ಅಡ್ಡಿಯೂ ಇಲ್ಲ; ನಮ್ಮ ‘ನಾವು’ವಿನಲ್ಲಿ ಆ ಮಗುವಿಗೂ ಸ್ಥಳವಿದೆ.